ಟ್ರ್ಯಾಕ್ ಕಾರು: ಮಲೆನಾಡಿನ ಗ್ಯಾರೇಜುಗಳು ಕೈಬಿಡಬಾರದ ಉದ್ದಿಮೆ

ಮೂಡಿಗೆರೆ, ಕಳಸ, ಚಿಕ್ಕಮಗಳೂರು ಭಾಗದ ವ್ಯಾಪಾರವೆಂದರೆ ಕಾಫಿ, ಮೆಣಸು, ಏಲಕ್ಕಿ, ಅಡಿಕೆ ಎಂಬುದು ಸಾಮಾನ್ಯ ಗ್ರಹಿಕೆ. ಈ ಬೆಳೆಗಳಿಗೆ ಬೆಲೆ ಬಂದ ವರ್ಷ ನಮ್ಮ ಪೇಟೆಗಳಲ್ಲಿ ಹಣ ಓಡಾಡುತ್ತದೆ. ಬೆಲೆ ಕುಸಿದ ವರ್ಷ ಬಟ್ಟೆ ಅಂಗಡಿಯಿಂದ ಹಿಡಿದು ಗ್ಯಾರೇಜಿನವರೆಗೆ ಎಲ್ಲರ ಲೆಕ್ಕದ ಪುಸ್ತಕದಲ್ಲೂ ಬಾಕಿಯೇ ಬೆಳೆಯುತ್ತದೆ. ಬೆಳೆಯ ಬೆಲೆಯೊಂದನ್ನೇ ನೆಚ್ಚಿಕೊಳ್ಳದ, ನಮ್ಮವರ ಕೈಕಸುಬನ್ನೇ ಬಂಡವಾಳವಾಗಿ ಮಾಡಿಕೊಳ್ಳುವ ಉಪಉದ್ದಿಮೆಗಳು ಬೇಕೆಂಬ ಮಾತು ಸದಸ್ಯರ ಸಭೆಗಳಲ್ಲಿ ಆಗಾಗ್ಗೆ ಕೇಳಿಬರುತ್ತದೆ. ಅಂತಹ ಉದ್ದಿಮೆಯೊಂದು ನಮ್ಮ ಕಣ್ಣೆದುರಿಗೇ ಇದೆ. ಸಣ್ಣ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಲು ಯೋಗ್ಯವಾಗುವಂತೆ ಕಟ್ಟುವ, ಹಂತ ಹಂತವಾಗಿ ಮೇಲ್ದರ್ಜೆಗೆ ಏರಿಸುವ ಕೆಲಸವೇ ಅದು. ಇದನ್ನು ಕ್ರಮಬದ್ಧವಾಗಿ, ಕಾನೂನಿನ ಚೌಕಟ್ಟಿನೊಳಗೆ ಕೈಗೆತ್ತಿಕೊಂಡರೆ ನಮ್ಮ ಗ್ಯಾರೇಜು, ಲೇತ್ ಮತ್ತು ವೆಲ್ಡಿಂಗ್ ಘಟಕಗಳಿಗೆ ಗೌರವಯುತ ಆದಾಯವಾಗಬಲ್ಲದು; ಅಡ್ಡದಾರಿಯಲ್ಲಿ ಕೈಗೆತ್ತಿಕೊಂಡರೆ ದಂಡಕ್ಕೂ ಪ್ರಾಣಹಾನಿಗೂ ಕಾರಣವಾಗಬಲ್ಲದು. ಈ ಎರಡು ದಾರಿಗಳ ನಡುವಿನ ವ್ಯತ್ಯಾಸವನ್ನು ಸದಸ್ಯ ಬಾಂಧವರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮಲ್ಲಿ ಇರುವುದೇನು, ಇಲ್ಲದಿರುವುದೇನು?

ಮೋಟಾರು ಕ್ರೀಡೆ ನಮ್ಮ ಜಿಲ್ಲೆಗೆ ಹೊಸದಲ್ಲ. 2016 ಮತ್ತು 2017ರಲ್ಲಿ ಏಷ್ಯಾ–ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣಿನ ರಸ್ತೆಗಳಲ್ಲಿ ನಡೆಯಿತು. ಆ ಎರಡೂ ವರ್ಷ ಚಾಂಪಿಯನ್ ಆದವರು ಎಂ.ಆರ್.ಎಫ್. ತಂಡದ ಸ್ಕೋಡಾ ಕಾರಿನಲ್ಲಿ ಸ್ಪರ್ಧಿಸಿದ ಗೌರವ್ ಗಿಲ್. 2019ರಲ್ಲಿ ಅರ್ಜುನ ಪ್ರಶಸ್ತಿ ಪಡೆದಾಗ ಆ ಗೌರವಕ್ಕೆ ಪಾತ್ರರಾದ ಮೊದಲ ಮೋಟಾರು ಕ್ರೀಡಾಪಟು ಎನಿಸಿಕೊಂಡವರೂ ಅವರೇ. ತೋಟದ ಮಾಲೀಕರ ಮನೆಗಳಲ್ಲಿ ಜಿಪ್ಸಿ, ಜೀಪುಗಳನ್ನು ತಮಗೆ ಬೇಕಾದಂತೆ ಸಜ್ಜುಗೊಳಿಸುವ ಅಭ್ಯಾಸ ಎರಡು ತಲೆಮಾರಿನಿಂದ ಇದೆ. ಹೊಸ ತಲೆಮಾರಿನವರ ಆಸಕ್ತಿ ಈಗ ಮಣ್ಣಿನ ರಸ್ತೆಯಿಂದ ಡಾಂಬರಿನ ಟ್ರ್ಯಾಕಿನ ಕಡೆಗೂ ಹೊರಳಿದೆ.

ನಮ್ಮಲ್ಲಿ ಚಾಲಕರಿದ್ದಾರೆ, ಆಸಕ್ತಿಯಿದೆ, ವೆಚ್ಚ ಮಾಡುವ ಶಕ್ತಿಯುಳ್ಳ ಗ್ರಾಹಕರಿದ್ದಾರೆ. ಆದರೆ ಕಾರು ಸಿದ್ಧವಾಗುವುದು ಮಾತ್ರ ಬೇರೆ ಊರುಗಳಲ್ಲಿ. ಕೆಲಸ ಬೆಂಗಳೂರಿಗೋ ಕೊಯಮತ್ತೂರಿಗೋ ಹೋಗುತ್ತದೆ. ಅದರೊಡನೆ ಕೂಲಿಯೂ ಲಾಭಾಂಶವೂ ಹೋಗುತ್ತವೆ.

ಕೊಟ್ಟಿಗೆಹಾರವನ್ನೇ ಉದಾಹರಣೆಯಾಗಿ ನೋಡಬಹುದು. ಚಾರ್ಮಾಡಿ ಘಾಟಿ ಹತ್ತಿ ಬಂದವರು, ಕಳಸ–ಹೊರನಾಡಿನ ಯಾತ್ರಿಕರು, ಮೂಡಿಗೆರೆಯ ಕಡೆಯಿಂದ ಕರಾವಳಿಗೆ ಇಳಿಯುವವರು ಎಲ್ಲರೂ ಸೇರುವ ಕೂಡುರಸ್ತೆಯಿದು. ಇಂತಹ ಘಾಟಿ ರಸ್ತೆಯನ್ನು ಆಶ್ರಯಿಸಿದ ಗ್ಯಾರೇಜುಗಳಿಗೆ ಬ್ರೇಕ್ ಕಾಯುವುದೆಂದರೇನು, ಕ್ಲಚ್ ಪ್ಲೇಟ್ ಸುಡುವುದೆಂದರೇನು, ರೇಡಿಯೇಟರ್ ಕುದಿಯುವುದೆಂದರೇನು ಎಂಬುದನ್ನು ಪುಸ್ತಕ ಓದಿ ಕಲಿಯಬೇಕಾಗಿಲ್ಲ. ಟ್ರ್ಯಾಕ್ ಕಾರಿನ ವಿದ್ಯೆಯ ಅರ್ಧಭಾಗ ಇದೇ ಆಗಿದೆ.

ಕೊಯಮತ್ತೂರಿನ ಪಾಠ

ದಕ್ಷಿಣ ಭಾರತದಲ್ಲಿ ರೇಸ್ ಕಾರುಗಳ ನಿರ್ಮಾಣ ಹೇಗೆ ಬೇರೂರಿತು ಎಂಬುದನ್ನು ತಿಳಿಯಲು ಕೊಯಮತ್ತೂರಿನ ಕಡೆ ನೋಡಬೇಕು. ಅಲ್ಲಿಯ ಉದ್ಯಮಿ ಕುಟುಂಬಕ್ಕೆ ಸೇರಿದ ಎಸ್. ಕರಿವರ್ಧನ್ ಅವರು 1980ರ ದಶಕದಲ್ಲಿ ಮಾಡಿದ ಕೆಲಸ ವ್ಯಾಪಾರಸ್ಥರ ದೃಷ್ಟಿಯಿಂದ ಬಹಳ ಬೋಧಪ್ರದವಾದುದು. ವಿದೇಶದಿಂದ ರೇಸ್ ಕಾರು ತರಿಸಿಕೊಳ್ಳುವುದು ಸುಂಕದ ಹೊರೆಯಿಂದ ದುಸ್ಸಾಧ್ಯವಾಗಿದ್ದ ಕಾಲವದು. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದಿದ್ದ ಮಾರುತಿ 800 ಕಾರಿನ 796 ಸಿಸಿ ಎಂಜಿನ್ನನ್ನು ಅವರು ಆಧಾರವಾಗಿ ಇಟ್ಟುಕೊಂಡರು. ಎಲ್ಲೆಡೆ ಸಿಗುವ, ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸಬಲ್ಲ ಎಂಜಿನ್. ಅದರ ಸುತ್ತ ಸ್ಥಳೀಯವಾಗಿ ಕಟ್ಟಿದ ಹಗುರವಾದ ಚೌಕಟ್ಟು. ಹೀಗೆ ಹುಟ್ಟಿದ ಫಾರ್ಮುಲಾ ಮಾರುತಿ ಕಾರುಗಳು ಒಂದು ತಲೆಮಾರಿನ ಚಾಲಕರನ್ನು ಬೆಳೆಸಿದವು. 2005ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿದ ಮೊದಲ ಭಾರತೀಯ ನರೇನ್ ಕಾರ್ತಿಕೇಯನ್ ಅವರ ಆರಂಭದ ಸ್ಪರ್ಧೆಗಳು ಇದೇ ವರ್ಗದಲ್ಲಿ ನಡೆದವು.

ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆದರೆ ಅವರು ಹಾಕಿದ ಅಡಿಪಾಯ ಉಳಿಯಿತು. ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿರುವ ಟ್ರ್ಯಾಕಿಗೆ ಅವರ ಹೆಸರನ್ನೇ ಇಡಲಾಗಿದೆ. ಸರಪಳಿ ತಯಾರಿಸುವ ಅಲ್ಲಿಯ ಎಲ್.ಜಿ.ಬಿ. ಸಂಸ್ಥೆಯ ಹೆಸರಿನಲ್ಲಿಯೇ ರೇಸಿನ ಒಂದು ವರ್ಗ ಬೆಳೆಯಿತು. ಪಂಪು, ಎರಕ, ಜವಳಿ ಯಂತ್ರಗಳ ಊರಾದ ಕೊಯಮತ್ತೂರು ತನ್ನ ಲೇತ್ ಮತ್ತು ಎರಕದ ಕೌಶಲವನ್ನು ಇನ್ನೊಂದು ಸರಕಿಗೆ ಹೊಂದಿಸಿಕೊಂಡಿತು. ನಮ್ಮಲ್ಲಿಯೂ ಕಾಫಿ ಪಲ್ಪರ್ ದುರಸ್ತಿ ಮಾಡುವ, ಮೆಣಸು ಬಿಡಿಸುವ ಯಂತ್ರ ಕಟ್ಟುವ, ತೋಟದ ಟ್ರೇಲರ್ ವೆಲ್ಡ್ ಮಾಡುವ ಕಾರ್ಯಾಗಾರಗಳಿವೆ. ಅಲ್ಲಿ ಪಂಪಿನ ಲೇತ್ ಮಾಡಿದ್ದನ್ನು ಇಲ್ಲಿ ಪಲ್ಪರಿನ ಲೇತ್ ಮಾಡಲಾರದೆ?

ಇದಕ್ಕೆ ವಿರುದ್ಧವಾದ ಒಂದು ಪಾಠವೂ ಇದೆ. 1990ರ ದಶಕದ ಕೊನೆಯಲ್ಲಿ ಸ್ಯಾನ್ ಮೋಟಾರ್ಸ್ ಸಂಸ್ಥೆಯು ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಎಂಬ ಎರಡು ಆಸನಗಳ ಸ್ಪೋರ್ಟ್ಸ್ ಕಾರನ್ನು ತಯಾರಿಸಿತು. ಫೈಬರ್‌ಗ್ಲಾಸ್ ಹೊರಮೈ, ರೆನೋ ಸಂಸ್ಥೆಯ ಸಣ್ಣ ಎಂಜಿನ್. ನೋಟಕ್ಕೆ ಅಂದವಾದ ಕಾರು. ಆದರೂ ಅದು ದೊಡ್ಡ ಮಾರುಕಟ್ಟೆಯನ್ನು ಕಂಡುಕೊಳ್ಳಲಿಲ್ಲ. ಇಡೀ ಕಾರನ್ನು ತಯಾರಿಸಿ, ಅನುಮೋದನೆ ಪಡೆದು, ರಸ್ತೆಗಾಗಿ ಮಾರುವುದು ಸಣ್ಣ ಬಂಡವಾಳದವರ ಕೆಲಸವಲ್ಲ. ಇರುವ ಕಾರನ್ನು ಟ್ರ್ಯಾಕಿಗೆ ಒಗ್ಗಿಸುವುದು, ಅದಕ್ಕೆ ಬೇಕಾದ ಭಾಗಗಳನ್ನು ಮಾಡಿಕೊಡುವುದು, ಪ್ರತಿ ಸ್ಪರ್ಧೆಯ ನಂತರ ಅದನ್ನು ಪೋಷಿಸುವುದು ನಮ್ಮ ಅಳತೆಗೆ ತಕ್ಕ ಕೆಲಸ.

ಮೊದಲು ಬ್ರೇಕು, ಕೊನೆಗೆ ಎಂಜಿನ್

ಗ್ರಾಹಕನು ಗ್ಯಾರೇಜಿಗೆ ಬಂದೊಡನೆ ಕೇಳುವುದು ಎಂಜಿನ್ ಶಕ್ತಿಯನ್ನು. ಗ್ಯಾರೇಜಿನವರಿಗೂ ಅದರಲ್ಲಿ ಬಿಲ್ ದೊಡ್ಡದಾಗುತ್ತದೆ. ಆದರೆ ಅನುಭವಿ ನಿರ್ಮಾಪಕರು ಅನುಸರಿಸುವ ಕ್ರಮ ತದ್ವಿರುದ್ಧವಾಗಿದೆ: ಸುರಕ್ಷತೆ, ಬ್ರೇಕ್, ಟೈರ್, ತೂಕ, ಸಸ್ಪೆನ್ಷನ್, ಕಟ್ಟಕಡೆಗೆ ಎಂಜಿನ್. ಈ ಕ್ರಮಕ್ಕೆ ಲೆಕ್ಕಾಚಾರದ ಬೆಂಬಲವಿದೆ.

900 ಕಿಲೋ ತೂಕದ ಕಾರು ಗಂಟೆಗೆ 120 ಕಿಲೋಮೀಟರ್ ವೇಗದಿಂದ 60ಕ್ಕೆ ಇಳಿಯುವಾಗ ಸುಮಾರು 375 ಕಿಲೋಜೂಲ್ ಶಕ್ತಿ ಬಹುಪಾಲು ಬ್ರೇಕುಗಳಲ್ಲಿ ಶಾಖವಾಗಿ ಮಾರ್ಪಡುತ್ತದೆ. ತಣ್ಣನೆಯ ಒಂದು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಾಖ ಸಾಕು. ಟ್ರ್ಯಾಕಿನಲ್ಲಿ ಇದು ಒಂದೇ ಸುತ್ತಿನಲ್ಲಿ ಹಲವು ಬಾರಿ, ಬಿಡುವಿಲ್ಲದೆ ನಡೆಯುತ್ತದೆ. ಘಾಟಿ ಇಳಿಯುವ ವಾಹನದ ಬ್ರೇಕ್ ಸೋಲುವುದೂ ಇದೇ ಕಾರಣದಿಂದ. ಆದ್ದರಿಂದ ಹೆಚ್ಚು ಶಾಖ ತಡೆಯುವ ಪ್ಯಾಡುಗಳು, ಉತ್ತಮ ಸ್ಥಿತಿಯ ಡಿಸ್ಕುಗಳು, ಗಾಳಿ ಹಾಯುವ ನಾಳಗಳು ಮೊದಲ ಖರ್ಚಾಗಬೇಕು.

ಬ್ರೇಕ್ ಆಯಿಲ್ ವಿಷಯವನ್ನು ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕು. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವಾಂಶ ಹೀರಿಕೊಂಡ ಸ್ಥಿತಿಯಲ್ಲಿ ಅದೇ ಆಯಿಲ್‌ಗೆ ನಿಗದಿಯಾದ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಗಾಳಿಯಲ್ಲಿನ ತೇವವನ್ನು ಹೀರುವುದು ಈ ಆಯಿಲ್‌ನ ಸ್ವಭಾವ. ತಿಂಗಳುಗಟ್ಟಲೆ ಮಳೆ, ಮಂಜು ಕವಿದಿರುವ ಕೊಟ್ಟಿಗೆಹಾರದಂತಹ ಊರಿನಲ್ಲಿ ಮುಚ್ಚಳ ತೆಗೆದಿಟ್ಟ ಡಬ್ಬಿಯ ಆಯಿಲನ್ನು ಟ್ರ್ಯಾಕ್ ಕಾರಿಗೆ ಹಾಕಿದರೆ ಪೆಡಲ್ ನೆಲಕ್ಕೆ ತಾಗುವ ಅಪಾಯವನ್ನು ನಾವೇ ಕೈಯಾರೆ ತುಂಬಿಸಿದಂತೆ. ಸಣ್ಣ ಡಬ್ಬಿ ಕೊಂಡು, ಒಮ್ಮೆ ತೆರೆದದ್ದನ್ನು ಅಂದೇ ಮುಗಿಸಿ, ಪ್ರತಿ ಸ್ಪರ್ಧೆಗೆ ಮೊದಲು ಬದಲಾಯಿಸುವುದೇ ಸರಿಯಾದ ಪದ್ಧತಿ.

ತೂಕದ ವಿಷಯವೂ ಹೀಗೆಯೇ. 85 ಅಶ್ವಶಕ್ತಿಯ, 870 ಕಿಲೋ ತೂಕದ ಕಾರೊಂದನ್ನು ಊಹಿಸಿಕೊಳ್ಳೋಣ. ಹಿಂದಿನ ಸೀಟು, ಶಬ್ದ ತಡೆಯುವ ಪದರ, ಎ.ಸಿ. ಮುಂತಾದವನ್ನು ತೆಗೆದು 100 ಕಿಲೋ ಇಳಿಸಿದರೆ ಟನ್ನಿಗೆ 98 ಅಶ್ವಶಕ್ತಿ ಇದ್ದದ್ದು 110ಕ್ಕೆ ಏರುತ್ತದೆ. ಎಂಜಿನ್ ಬಿಚ್ಚಿ ಇದೇ ಫಲ ಪಡೆಯಬೇಕಾದರೆ 11 ಅಶ್ವಶಕ್ತಿಯನ್ನು ಹೆಚ್ಚಿಸಬೇಕು. ಅದಕ್ಕೆ ಕ್ಯಾಮ್, ಹೆಡ್ ಕೆಲಸ, ಇ.ಸಿ.ಯು. ಎಂದು ಖರ್ಚಿನ ಸಾಲೇ ನಿಲ್ಲುತ್ತದೆ. ತೂಕ ಇಳಿಸಿದ ಕಾರು ಬ್ರೇಕನ್ನೂ ಟೈರನ್ನೂ ಉಳಿಸುತ್ತದೆ. ಶಕ್ತಿ ಏರಿಸಿದ ಕಾರು ಎರಡನ್ನೂ ಬೇಗ ತಿನ್ನುತ್ತದೆ. ಬ್ರಿಟನ್ನಿನಲ್ಲಿ 1957ರಲ್ಲಿ ಬಂದ ಲೋಟಸ್ ಸೆವೆನ್ ಎಂಬ ಪುಟ್ಟ ಕಾರು ದೊಡ್ಡ ಎಂಜಿನ್ನಿನ ಕಾರುಗಳ ನಡುವೆ ಹೆಸರು ಮಾಡಿದ್ದು ಅದರ ಹಗುರತನದಿಂದ. ಪೂರ್ಣ ಕಾರಿನ ಮೇಲಿದ್ದ ತೆರಿಗೆಯಿಂದ ಪಾರಾಗಲು ಅದನ್ನು ಬಿಡಿಭಾಗಗಳ ಪೆಟ್ಟಿಗೆಯಾಗಿ ಮಾರಲಾಗುತ್ತಿತ್ತು ಎಂಬುದು ವರ್ತಕರು ಮೆಚ್ಚುವ ಸಂಗತಿ.

ಖರ್ಚಿನ ಹಂಚಿಕೆಯ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ: ಗ್ರಾಹಕನ ಕೈಯಲ್ಲಿ ನೂರು ರೂಪಾಯಿ ಇದ್ದರೆ ನಲವತ್ತನ್ನು ರೋಲ್ ಕೇಜ್, ಸೀಟು, ಬೆಲ್ಟುಗಳಿಗೂ, ಮೂವತ್ತನ್ನು ಬ್ರೇಕು ಮತ್ತು ಟೈರುಗಳಿಗೂ, ಇಪ್ಪತ್ತನ್ನು ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಬುಷ್ ಮತ್ತು ಅಲೈನ್‌ಮೆಂಟಿಗೂ ಇಡಬೇಕು. ಉಳಿದ ಹತ್ತರಲ್ಲಿ ಎಂಜಿನ್ನನ್ನು ಆರೋಗ್ಯದಿಂದ ಇಟ್ಟುಕೊಂಡರೆ ಮೊದಲ ವರ್ಷಕ್ಕೆ ಸಾಕು.

ಪೈಪಿನ ಅಂಗಡಿಯ ಜವಾಬ್ದಾರಿ

ಈ ಉದ್ದಿಮೆಯಲ್ಲಿ ನಮ್ಮ ಫ್ಯಾಬ್ರಿಕೇಶನ್ ಘಟಕಗಳಿಗೆ ಅತಿ ಹೆಚ್ಚು ಕೆಲಸ ಕೊಡಬಲ್ಲದ್ದು ರೋಲ್ ಕೇಜ್, ಅಂದರೆ ಕಾರು ಮಗುಚಿದಾಗ ಚಾಲಕನನ್ನು ಕಾಯುವ ಪೈಪಿನ ಪಂಜರ. ಅತಿ ಹೆಚ್ಚು ಅಪಾಯ ಅಡಗಿರುವುದೂ ಇದರಲ್ಲೇ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್.ಐ.ಎ.ಯ ನಿಯಮಗಳ ಪ್ರಕಾರ ಈ ಪೈಪು ಜೋಡುಗೆರೆ ಇಲ್ಲದ, ತಣ್ಣಗೆ ಎಳೆದು ತಯಾರಿಸಿದ ಕಾರ್ಬನ್ ಉಕ್ಕಿನದಾಗಿರಬೇಕು. ಅದರ ಎಳೆತದ ಸಾಮರ್ಥ್ಯ ಚದರ ಮಿಲಿಮೀಟರಿಗೆ ಕನಿಷ್ಠ 350 ನ್ಯೂಟನ್ ಇರಬೇಕು. ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ ಮತ್ತು 2.5 ಮಿ.ಮೀ. ದಪ್ಪ, ಇಲ್ಲವೇ 50 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ದಪ್ಪ. ಪಂಜರದ ಪಾದಗಳನ್ನು ಕಾರಿನ ಮೈಗೆ ಕೂರಿಸುವಲ್ಲಿ ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂ.ಮೀ. ವಿಸ್ತಾರದ ಬಲವರ್ಧಕ ತಗಡು. ಪ್ರತಿ ಪಾದಕ್ಕೆ ಕನಿಷ್ಠ ಮೂರು ಬೋಲ್ಟು, ಎಂ8 ಅಳತೆ, 8.8 ದರ್ಜೆ.

ನಮ್ಮ ಪೇಟೆಗಳಲ್ಲಿ ಸುಲಭವಾಗಿ ಸಿಗುವುದು ಗೇಟು, ಕಿಟಕಿಗೆ ಬಳಸುವ ಇ.ಆರ್.ಡಬ್ಲ್ಯೂ. ಪೈಪು ಮತ್ತು ನೀರಿನ ಜಿ.ಐ. ಪೈಪು. ಬಣ್ಣ ಬಳಿದ ಮೇಲೆ ಕಣ್ಣಿಗೆ ಮೂರಕ್ಕೂ ವ್ಯತ್ಯಾಸ ಕಾಣದು. ಕಾರು ಮಗುಚಿದ ಕ್ಷಣದಲ್ಲಿ ಮಾತ್ರ ವ್ಯತ್ಯಾಸ ಕಾಣುತ್ತದೆ. ಆಗ ಸರಿಪಡಿಸಲು ಅವಕಾಶವಿರುವುದಿಲ್ಲ. ಆದ್ದರಿಂದ ಪೈಪಿನ ಪರೀಕ್ಷಾ ಪ್ರಮಾಣಪತ್ರವಿಲ್ಲದೆ ರೋಲ್ ಕೇಜ್ ಕಟ್ಟಬಾರದು ಎಂಬ ನಿಯಮವನ್ನು ನಾವೇ ನಮಗೆ ವಿಧಿಸಿಕೊಳ್ಳಬೇಕು. ಸೀಟು ಮತ್ತು ಬೆಲ್ಟುಗಳಿಗೆ ಔಷಧಿಯಂತೆಯೇ ಅವಧಿ ಮುಗಿಯುವ ದಿನಾಂಕ ಇರುತ್ತದೆ ಎಂಬುದನ್ನೂ ಬಿಡಿಭಾಗಗಳ ವ್ಯಾಪಾರಿಗಳು ನೆನಪಿಡಬೇಕು. ಅವಧಿ ಮೀರಿದ ಬೆಲ್ಟನ್ನು ಅಗ್ಗದ ಬೆಲೆಗೆ ಮಾರುವುದು ವ್ಯಾಪಾರವಾಗದು.

ಕಾನೂನಿನ ಗೆರೆ ಎಲ್ಲಿದೆ?

1988ರ ಮೋಟಾರು ವಾಹನಗಳ ಕಾಯಿದೆಯ 52ನೇ ಕಲಮು ವಾಹನದ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಬದಲಾವಣೆಯನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಷೇಧವನ್ನು ಸ್ಪಷ್ಟವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182-ಎ ಕಲಮಿನ ಪ್ರಕಾರ ಕಾನೂನುಬಾಹಿರವಾಗಿ ವಾಹನ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದು. ನಿಯಮಕ್ಕೆ ಹೊಂದದ, ಸುರಕ್ಷತೆಗೆ ನಿರ್ಣಾಯಕವಾದ ಭಾಗಗಳನ್ನು ಮಾರಿದವರಿಗೆ ದಂಡ ಪ್ರತಿ ಭಾಗಕ್ಕೆ ಒಂದು ಲಕ್ಷ ರೂ.ವರೆಗೆ ಹೋಗುತ್ತದೆ. ಹೊಣೆ ಗ್ರಾಹಕನದು ಮಾತ್ರ ಎಂದು ಅಂಗಡಿಯವರು ನಿಶ್ಚಿಂತರಾಗಿರುವಂತಿಲ್ಲ.

ಹಾಗಾದರೆ ದಾರಿ ಯಾವುದು? ಟ್ರ್ಯಾಕಿಗಾಗಿ ಕಟ್ಟಿದ ಕಾರು ಟ್ರ್ಯಾಕಿನಲ್ಲೇ ಓಡಬೇಕು. ಅದು ಗ್ಯಾರೇಜಿನಿಂದ ಟ್ರೇಲರ್ ಅಥವಾ ಲಾರಿಯ ಮೇಲೆ ಹೊರಟು ಹಾಗೆಯೇ ಹಿಂದಿರುಗಬೇಕು. ಸಾರ್ವಜನಿಕ ರಸ್ತೆಗೆ ಇಳಿಯುವ ಕಾರಿಗೆ ಈ ಮಾರ್ಪಾಡುಗಳನ್ನು ಮಾಡಿಕೊಡುವುದಿಲ್ಲ ಎಂದು ಗ್ರಾಹಕನಿಗೆ ಮೊದಲೇ ಬರಹದಲ್ಲಿ ತಿಳಿಸಬೇಕು. ಹಳೆಯ ಕಾರಿನ ಆರ್.ಸಿ. ಪುಸ್ತಕದ ವಿಲೇವಾರಿಯನ್ನು ಆರ್.ಟಿ.ಒ. ಕಚೇರಿಯಲ್ಲಿ ಕ್ರಮವಾಗಿ ಮುಗಿಸಬೇಕು. ಸಾಮಾನ್ಯ ಮೋಟಾರು ವಿಮೆ ರೇಸು ಹಾಗೂ ವೇಗ ಪರೀಕ್ಷೆಗೆ ಅನ್ವಯಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಇಷ್ಟನ್ನು ಕೇಳಿ ಮುಖ ಸಿಂಡರಿಸಿ ಹೋಗುವ ಗ್ರಾಹಕನು ನಮಗೆ ಬೇಕಾದ ಗ್ರಾಹಕನಲ್ಲ. ಸೈಲೆನ್ಸರ್ ಕತ್ತರಿಸಿಕೊಂಡು ಪೇಟೆಯಲ್ಲಿ ಸದ್ದು ಮಾಡುವ ಹುಡುಗನ ಹಣಕ್ಕಾಗಿ ಗ್ಯಾರೇಜಿನ ಹೆಸರನ್ನು ಪಣಕ್ಕಿಡುವುದು ನಷ್ಟದ ಬಾಬತ್ತು.

ಎದುರಾಗುವ ಆಕ್ಷೇಪಗಳು

ಇದು ಶ್ರೀಮಂತರ ಶೋಕಿಯೆಂಬ ಮಾತಿದೆ. ಇರಬಹುದು. ಆದರೆ ಆ ಶೋಕಿಯ ಹಣ ಜಿಲ್ಲೆಯ ಲೇತ್ ಕಾರ್ಮಿಕನ ಕೈಸೇರಬೇಕೋ ಹೊರಗಿನವರ ಕೈಸೇರಬೇಕೋ ಎಂಬುದಷ್ಟೇ ನಮ್ಮ ಮುಂದಿರುವ ಪ್ರಶ್ನೆ. ಗ್ರಾಹಕರ ಸಂಖ್ಯೆ ಕಡಿಮೆಯೆಂಬ ಆಕ್ಷೇಪ ಹೆಚ್ಚು ತೂಕದ್ದು. ಒಂದು ತಾಲ್ಲೂಕಿನಲ್ಲಿ ಇಂತಹ ಗ್ರಾಹಕರು ಬೆರಳೆಣಿಕೆಯಷ್ಟೇ ಸಿಗಬಹುದು. ಆದರೆ ಟ್ರ್ಯಾಕ್ ಕಾರು ಒಮ್ಮೆ ಕಟ್ಟಿ ಮರೆಯುವ ಸರಕಲ್ಲ. ಪ್ರತಿ ಸ್ಪರ್ಧೆಯ ನಂತರ ಪ್ಯಾಡು, ಆಯಿಲು, ಬೇರಿಂಗು, ಅಲೈನ್‌ಮೆಂಟು ಎಂದು ಮತ್ತೆ ಮತ್ತೆ ಗ್ಯಾರೇಜಿಗೆ ಬರುತ್ತದೆ. ಒಂದು ಕಾರು ಐದಾರು ಸಾಮಾನ್ಯ ಕಾರುಗಳಷ್ಟು ಕೆಲಸ ಕೊಡುತ್ತದೆ. ಮಳೆಗಾಲದಲ್ಲಿ ತೋಟದ ಸಾಗಾಣಿಕೆ ತಗ್ಗಿ ಗ್ಯಾರೇಜುಗಳಲ್ಲಿ ಕೈ ಖಾಲಿ ಇರುವ ತಿಂಗಳುಗಳಲ್ಲಿ ಈ ಕೆಲಸ ಹಿಡಿಯಬಹುದೆಂಬುದು ಇನ್ನೊಂದು ಅನುಕೂಲ.

ಟ್ರ್ಯಾಕುಗಳು ದೂರವೆಂಬುದೂ ನಿಜ. ಕೊಯಮತ್ತೂರು ಹಾಗೂ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೆ ನಮ್ಮವರು ಹೋಗಬೇಕು. ಆದರೆ ಕಾರು ಓಡುವ ಸ್ಥಳ ಮತ್ತು ಕಾರು ಕಟ್ಟುವ ಸ್ಥಳ ಒಂದೇ ಆಗಬೇಕೆಂಬ ನಿಯಮವಿಲ್ಲ.

ವಾಣಿಜ್ಯ ಮಂಡಳಿ ಮಾಡಬಹುದಾದುದು

ಬಿಡಿ ಗ್ಯಾರೇಜೊಂದು ಒಂಟಿಯಾಗಿ ಇದನ್ನು ಮಾಡುವುದು ಕಷ್ಟ. ಆದ್ದರಿಂದ ಕೆಳಗಿನ ನಾಲ್ಕು ಸಲಹೆಗಳನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.

ಮೊದಲನೆಯದಾಗಿ, ಪ್ರಮಾಣಪತ್ರವುಳ್ಳ ಪೈಪು, ದರ್ಜೆಯ ಬೋಲ್ಟು, ಬ್ರೇಕ್ ಸಾಮಗ್ರಿಗಳನ್ನು ಸದಸ್ಯರು ಒಟ್ಟಾಗಿ ಖರೀದಿಸುವ ವ್ಯವಸ್ಥೆ ಆಗಬೇಕು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿ.ಎಸ್.ಟಿ. ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದರಿಂದ ಬಿಲ್ ಇಲ್ಲದ ಸರಕಿನ ಆಕರ್ಷಣೆಯೂ ಕಡಿಮೆಯಾಗಿದೆ.

ಎರಡನೆಯದಾಗಿ, ವೆಲ್ಡಿಂಗ್ ತರಬೇತಿ. ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯದಂತಹ ಸಂಸ್ಥೆಯ ನೆರವಿನಿಂದ ಕಮ್ಮಟ ನಡೆಸಬಹುದು. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್, ಮಣಿಪಾಲದ ಫಾರ್ಮುಲಾ ಮಣಿಪಾಲ್ ತಂಡಗಳ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರುಗಳೊಡನೆ ಸ್ಪರ್ಧೆಗಳಲ್ಲಿ ಭಾಗವಹಿಸುತ್ತಿದ್ದಾರೆ. ವಿದ್ಯಾರ್ಥಿಗಳಿಗೆ ಲೆಕ್ಕಾಚಾರ ಗೊತ್ತಿದೆ, ನಮ್ಮವರಿಗೆ ಕೈಕೆಲಸ ಗೊತ್ತಿದೆ. ಇಬ್ಬರನ್ನೂ ಒಂದೇ ಶೆಡ್ಡಿನಲ್ಲಿ ಸೇರಿಸಿದರೆ ಇಬ್ಬರಿಗೂ ಲಾಭ.

ಮೂರನೆಯದಾಗಿ, ಎಲ್ಲ ಸದಸ್ಯರಿಗೂ ಒಂದೇ ಮಾದರಿಯ ಜಾಬ್ ಕಾರ್ಡ್. ಬಳಸಿದ ಪೈಪಿನ ಪ್ರಮಾಣಪತ್ರ ಸಂಖ್ಯೆ, ವೆಲ್ಡರ್ ಹೆಸರು, ಬೋಲ್ಟು ಬಿಗಿಮಾಡಿದ ಪ್ರಮಾಣ, ಬ್ರೇಕ್ ಆಯಿಲ್ ಬದಲಾಯಿಸಿದ ದಿನಾಂಕ, ಗ್ರಾಹಕನ ಸಹಿ ಇವೆಲ್ಲ ಅದರಲ್ಲಿ ಇರಬೇಕು. ಅವಘಡ ಸಂಭವಿಸಿದರೆ ನಮ್ಮ ಪ್ರಾಮಾಣಿಕತೆಗೆ ಸಾಕ್ಷಿಯಾಗಿ ನಿಲ್ಲುವುದು ಈ ಕಾಗದವೇ.

ನಾಲ್ಕನೆಯದಾಗಿ, ಮಾದರಿಗಾಗಿ ಒಂದು ಕಾರು. ಹಳೆಯ ಮಾರುತಿ ಎಸ್ಟೀಮ್ ಅಥವಾ ಸ್ವಿಫ್ಟ್ ಒಂದನ್ನು ಸದಸ್ಯರು ವಂತಿಗೆ ಹಾಕಿ ಕೊಂಡು, ಮೇಲೆ ಹೇಳಿದ ಕ್ರಮದಲ್ಲೇ ಕಟ್ಟಿ, ಪ್ರತಿ ರೂಪಾಯಿಯ ಲೆಕ್ಕವನ್ನು ಈ ಪತ್ರಿಕೆಯಲ್ಲೇ ಪ್ರಕಟಿಸಬೇಕು. ಭಾಷಣಗಳಿಗಿಂತ ಆ ಲೆಕ್ಕದ ಪಟ್ಟಿಯೇ ಹೊಸಬರಿಗೆ ಹೆಚ್ಚು ಧೈರ್ಯ ಕೊಡುತ್ತದೆ. ಈ ಉದ್ದಿಮೆ ನಮಗೆ ಹೊಂದುವುದೋ ಇಲ್ಲವೋ ಎಂಬ ತೀರ್ಮಾನಕ್ಕೂ ಅದೇ ಆಧಾರವಾಗುತ್ತದೆ. ಮುಂದಿನ ಮಳೆಗಾಲಕ್ಕೆ ಮೊದಲು ಈ ಕುರಿತು ಒಂದು ಉಪಸಮಿತಿ ರಚನೆಯಾದರೆ ಕಾಫಿ ಕೊಯ್ಲು ಆರಂಭವಾಗುವ ಹೊತ್ತಿಗೆ ಕಾರು ಸಿದ್ಧವಾಗಿರುತ್ತದೆ. ಆಸಕ್ತ ಸದಸ್ಯರು ಮುಂಬರುವ ಮಾಸಿಕ ಸಭೆಯಲ್ಲಿ ತಮ್ಮ ಅಭಿಪ್ರಾಯವನ್ನು, ಮುಖ್ಯವಾಗಿ ಭಿನ್ನಾಭಿಪ್ರಾಯವನ್ನು, ತಿಳಿಸಬೇಕಾಗಿ ವಿನಂತಿ.